ಗುಲಾಬಿ ಬಣ್ಣದ ಯುದ್ಧವಿಮಾನ: ಕೊಳ್ಳುವಾಗ, ಅಂಟಿಸುವಾಗ, ಮಳೆಗಾಲದಲ್ಲಿ

ಡೈಕಾಸ್ಟ್ ವಿಮಾನ (ಲೋಹ ಎರಕ ಹೊಯ್ದ ಪುಟ್ಟ ಮಾಡೆಲ್) ಕೈಗೆ ಬಂದ ಕೂಡಲೇ ಹವ್ಯಾಸಿಗಳು ನೋಡುವುದು ಮೂತಿಯ ಆಕಾರ ಸರಿಯಿದೆಯೇ, ಚಕ್ರದ ಕಾಲುಗಳು ನೆಟ್ಟಗಿವೆಯೇ, ಕ್ಷಿಪಣಿಗಳ ಲೆಕ್ಕ ಸರಿಹೋಗುತ್ತದೆಯೇ ಎಂದು. ಅನಿಮೆ (ಜಪಾನಿ ಕಾರ್ಟೂನ್) ಬಣ್ಣದ ವಿಮಾನಕ್ಕೆ ಈ ಕ್ರಮ ಸಲ್ಲದು. ಅಲ್ಲಿ ಮೊದಲು ನೋಡಬೇಕಾದ್ದು ರೆಕ್ಕೆ ಮೇಲಿರುವ ಹುಡುಗಿಯ ಕಣ್ಣು. ರೆಪ್ಪೆಯ ಕಪ್ಪು ಗೆರೆ, ಪಾಪೆಯ ಬಣ್ಣ, ಅದರ ಮೇಲಿನ ಬಿಳಿ ಚುಕ್ಕೆ, ಮೂರನ್ನೂ ಬೇರೆ ಬೇರೆ ಸಲ ಒತ್ತಿರುತ್ತಾರೆ. ಒಂದೇ ಒಂದು ಒತ್ತು 0.2 ಮಿ.ಮೀ. ಪಕ್ಕಕ್ಕೆ ಸರಿದರೆ ಸಾಕು, ಸಾವಿರಗಟ್ಟಲೆ ಕೊಟ್ಟು ತಂದ ವಿಮಾನ ನಿಮ್ಮನ್ನು ಮೆಳ್ಳೆಗಣ್ಣಿನಿಂದ ನೋಡತೊಡಗುತ್ತದೆ. ಇಂಥ ಮಾಡೆಲ್‌ನಲ್ಲಿ ದುಡ್ಡು ಕೊಡುವುದು ಮುದ್ರಣಕ್ಕೆ. ಲೋಹ ಬರೀ ಹಲಗೆ. ಕೊಳ್ಳುವುದು, ಬಣ್ಣ ಕೂರಿಸುವುದು, ಬೆಂಗಳೂರಿನ ಮಳೆಗಾಲ ದಾಟಿಸುವುದು, ಮೂರನ್ನೂ ಈ ಲೆಕ್ಕದಲ್ಲೇ ನೋಡಬೇಕು.

ಕಾರಿನ ಮೈತುಂಬ ಅನಿಮೆ ಪಾತ್ರ ಅಂಟಿಸಿಕೊಂಡು ಓಡಾಡುವುದಕ್ಕೆ ಜಪಾನಿನಲ್ಲಿ ‘ಇತಾಶಾ’ ಎನ್ನುತ್ತಾರೆ. ‘ಇತಾಯ್’ ಅಂದರೆ ನೋವು, ‘ಶಾ’ ಅಂದರೆ ಗಾಡಿ. ನೋಡಿದವರಿಗೇ ಮುಜುಗರವಾಗುವಷ್ಟು ಢಾಳು ಎಂಬ ತಮಾಷೆ ಆ ಹೆಸರಿನಲ್ಲಿದೆ. ವಿಮಾನದ ಮೇಲೆ ಇದು ಜೋರಾಗಿ ಕಾಣಿಸಿಕೊಂಡಿದ್ದು 2007ರ ಏಸ್ ಕಾಂಬ್ಯಾಟ್ 6 ವಿಡಿಯೊ ಆಟದಲ್ಲಿ. ಐಡಲ್‌ಮಾಸ್ಟರ್ ಎಂಬ ಇನ್ನೊಂದು ಆಟದ ಗಾಯಕಿಯರ ಚಿತ್ರವಿರುವ ವಿಮಾನಗಳನ್ನು ಅದಕ್ಕೆ ಹೆಚ್ಚುವರಿಯಾಗಿ ಮಾರಿದರು. ಅವನ್ನೇ ಹಾಸೆಗಾವಾ ಕಂಪನಿ ಪ್ಲಾಸ್ಟಿಕ್ ಕಿಟ್‌ಗಳಾಗಿ ತಂದಿತು. ಮುಂದೆ ಜಪಾನಿನ ಭೂಸೇನೆಯೇ ಕಿಸರಾಜು ನೆಲೆಯ ಪ್ರದರ್ಶನಕ್ಕೆಂದು ನಿಜವಾದ ಎಎಚ್-1ಎಸ್ ಕೋಬ್ರಾ ಹೆಲಿಕಾಪ್ಟರ್ ಮೇಲೆ ಅಕಾನೆ ಎಂಬ ಪಾತ್ರವನ್ನು ಬಿಡಿಸಿತು. ಸೇನೆಯವರೇ ಮಾಡಿದ ಮೇಲೆ ನಮ್ಮ ಗೂಡಿನಲ್ಲಿರುವ ಗುಲಾಬಿ ವಿಮಾನಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಈ ಬಣ್ಣಗಳಲ್ಲಿ ಎರಡು ಜಾತಿ. ಎರಡಕ್ಕೂ ಬೇರೆ ಬೇರೆ ಕಣ್ಣು ಬೇಕು.

ಮೊದಲನೆಯದು ಕಥೆಯೊಳಗಿನ ವಿಮಾನದ್ದೇ ಬಣ್ಣ. 1982ರಲ್ಲಿ ಶುರುವಾದ ಮ್ಯಾಕ್ರಾಸ್ ಸರಣಿಯ ವಿಎಫ್-1 ವಾಲ್ಕಿರಿ ಇದರ ಮೂಲಪುರುಷ. ಅದನ್ನು ರೂಪಿಸಿದವರು ಶೋಜಿ ಕವಾಮೊರಿ. ಮಡಚುವ ರೆಕ್ಕೆ, ಜೋಡಿ ಬಾಲ ನೋಡಿದರೆ ಅಮೆರಿಕದ ಎಫ್-14 ಯುದ್ಧವಿಮಾನದ ವಂಶ ಅಂತ ಹೇಳಿಕೊಡಬೇಕಿಲ್ಲ. ಕಥೆಯ ಪೈಲಟ್ ರಾಯ್ ಫೋಕರ್‌ನ ವಿಎಫ್-1ಎಸ್ ಮೇಲಿನ ತಲೆಬುರುಡೆಯೂ ಹಳದಿ–ಕಪ್ಪು ಪಟ್ಟೆಯೂ ಅಮೆರಿಕ ನೌಕಾದಳದ ಜಾಲಿ ರೋಜರ್ಸ್ ಪಡೆಯನ್ನು ನೆನಪಿಸುತ್ತವೆ. ಇನ್ನಿಬ್ಬರು ಪೈಲಟ್‌ಗಳಲ್ಲಿ ಮ್ಯಾಕ್ಸ್‌ನದು ನೀಲಿ, ಮಿರಿಯಾಳದು ಕೆಂಪು. ಗರ್ಲಿ ಏರ್ ಫೋರ್ಸ್‌ನ (ಅನಿಮೆ 2019ರದು) ಗ್ರಿಪೆನ್ ಕೆಂಪು, ಈಗಲ್ ಹಳದಿ, ಫ್ಯಾಂಟಮ್ ಹಸಿರು. ಏಸ್ ಕಾಂಬ್ಯಾಟ್ ಝೀರೋ ಆಟದ ಪೈಲಟ್ ಪಿಕ್ಸಿಯ ಎಫ್-15ಸಿಗೆ ಒಂದೇ ರೆಕ್ಕೆ ಕೆಂಪು. ಇವೆಲ್ಲ ಬಣ್ಣದ ತುಂಡುಗಳ ಆಟ. ಮಾಸ್ಕ್ ಕಟ್ಟಿ (ಬಣ್ಣ ಬೀಳಬಾರದ ಕಡೆ ಟೇಪ್ ಮುಚ್ಚಿ) ಸ್ಪ್ರೇ ಹೊಡೆದರೆ ಮುಕ್ಕಾಲು ಕೆಲಸ ಮುಗಿಯುತ್ತದೆ, ಹಾಗಾಗಿ ಡೈಕಾಸ್ಟ್ ಕಾರ್ಖಾನೆಗೂ ಸುಲಭ. ಕ್ಯಾಲಿಬರ್ ವಿಂಗ್ಸ್ ಕಂಪನಿ 1/72 ಅಳತೆಯಲ್ಲಿ (ನಿಜದ 72ರಲ್ಲಿ ಒಂದು ಪಾಲು) ವಿಎಫ್-1 ಸಾಲನ್ನು ತಂದಿದ್ದು ಹೀಗೆ. ಬಂಡೈ ಕಂಪನಿಯ ಡಿಎಕ್ಸ್ ಚೋಗೋಕಿನ್ ಸಾಲಿನ ವಿಎಫ್-1ಗಳು 1/48. ಅವು ರೂಪ ಬದಲಿಸುವ ಆಟಿಕೆ, ಲೋಹ ಇರುವುದು ಕೆಲವು ಭಾಗಗಳಲ್ಲಿ ಮಾತ್ರ, ಉಳಿದದ್ದು ಪ್ಲಾಸ್ಟಿಕ್. ಚೋಗೋಕಿನ್ ಅಂದರೆ ‘ಮಹಾಮಿಶ್ರಲೋಹ’ ಎಂದು ಹೆಸರು ನೋಡಿ ತೂಕ ನಿರೀಕ್ಷಿಸಿದವರಿಗೆ ನಿರಾಸೆಯಾಗುತ್ತದೆ.

ಎರಡನೆಯ ಜಾತಿ ಪಾತ್ರದ ಮುಖವನ್ನೇ ಹೊತ್ತ ವಿಮಾನ. ಇದಕ್ಕೆ ಹತ್ತಾರು ಬಣ್ಣ, ಕೂದಲೆಳೆಯ ಗೆರೆ, ಚರ್ಮದ ಛಾಯೆ ಎಲ್ಲ ಬೇಕು. ಡೈಕಾಸ್ಟ್‌ನಲ್ಲಿ ಅಪರೂಪ, ಇರುವುದರಲ್ಲಿ ಹೆಚ್ಚಿನವು ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಾಳೆ ಜೊತೆಗೆ ಬರುವ ಪ್ಲಾಸ್ಟಿಕ್ ಕಿಟ್‌ಗಳು. ಲೋಹದ ವಿಮಾನದ ಮೇಲೆ ಮುಖ ಬೇಕೆಂದರೆ ಬಹುಮಟ್ಟಿಗೆ ನೀವೇ ಅಂಟಿಸಬೇಕು. ಆ ಕೆಲಸವನ್ನು ಕೆಳಗೆ ವಿವರವಾಗಿ ಬರೆದಿದೆ. ಅದಕ್ಕೆ ಮೊದಲು ಕಾರ್ಖಾನೆಯ ಮುದ್ರಣವನ್ನು ಓದುವುದು ಹೇಗೆ ಎಂಬುದು.

ಭೂತಗನ್ನಡಿಯಲ್ಲಿ ಏನು ನೋಡಬೇಕು

ಅಕ್ಕಸಾಲಿಗರು ಬಳಸುವ 10 ಪಟ್ಟಿನ ಕಣ್ಣುಗನ್ನಡಿ ಸಾಕು. ಚಿಕ್ಕಪೇಟೆ, ನಗರ್ತಪೇಟೆ ಸುತ್ತಮುತ್ತ ಚಿನ್ನದ ಕೆಲಸದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ.

ಡೈಕಾಸ್ಟ್ ಮೇಲಿನ ಗುರುತುಗಳು ಬಹುತೇಕ ಟ್ಯಾಂಪೋ ಮುದ್ರಣ. ಲೋಹದ ತಟ್ಟೆಯಲ್ಲಿ ಕೊರೆದ ಚಿತ್ರಕ್ಕೆ ಶಾಯಿ ತುಂಬಿ, ಮೆತ್ತನೆಯ ಸಿಲಿಕೋನ್ ಉಂಡೆಯಿಂದ ಅದನ್ನು ಎತ್ತಿ ವಿಮಾನದ ಮೇಲೆ ಒತ್ತುತ್ತಾರೆ. ಒಂದು ಬಣ್ಣಕ್ಕೆ ಒಂದು ತಟ್ಟೆ, ಒಂದು ಒತ್ತು. ಎಂಟು ಬಣ್ಣದ ಮುಖಕ್ಕೆ ಎಂಟು ಒತ್ತು, ಎಂಟು ಸಲ ತಪ್ಪುವ ಅವಕಾಶ. ಹಾಗಾಗಿ ಕಣ್ಣು, ತುಟಿ, ಕೂದಲಿನ ಅಂಚು, ಈ ಮೂರು ಕಡೆ ಬಣ್ಣ ಗೆರೆ ದಾಟಿದೆಯೇ ನೋಡಿ. ಒಂದು ಪಕ್ಕದಲ್ಲಿ ಬಿಳಿ ಸಂದು, ಎದುರು ಪಕ್ಕದಲ್ಲಿ ಬಣ್ಣದ ಮೇಲೆ ಬಣ್ಣ ಕಂಡರೆ ಇಡೀ ಒತ್ತು ಸರಿದಿದೆ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ, ವಾಪಸ್ ಕಳಿಸುವುದೊಂದೇ ದಾರಿ.

ಮೈಬಣ್ಣ ಬೂದು ತಿರುಗಿದ್ದರೆ ಅಡಿಯಲ್ಲಿ ಬಿಳಿ ಪದರ ಹಾಕಿಲ್ಲ, ಅಥವಾ ಒಂದೇ ಸಲ ಒತ್ತಿದ್ದಾರೆ. ಟ್ಯಾಂಪೋ ಶಾಯಿ ತೆಳು, ಅಡಿಯ ಬೂದು ಬಣ್ಣ ಮೇಲೆದ್ದು ಕಾಣುತ್ತದೆ. ಮೈಬಣ್ಣ ಸಣ್ಣ ಸಣ್ಣ ಕೆಂಪು–ಹಳದಿ ಚುಕ್ಕೆಗಳಾಗಿ ಒಡೆದು ಕಂಡರೆ ಅದು ನಾಲ್ಕು ಬಣ್ಣದ ಚುಕ್ಕೆ ಮುದ್ರಣ. ಕೈಯಳತೆಯ ದೂರದಿಂದ ಚೆನ್ನಾಗಿಯೇ ಕಾಣುತ್ತದೆ, ಹತ್ತಿರ ಹೋದರೆ ದಿನಪತ್ರಿಕೆಯ ಫೋಟೊ. ಇದು ದೋಷವಲ್ಲ, ಆದರೆ ಅಚ್ಚುಕಟ್ಟಾದ ಒಂಟಿಬಣ್ಣದ ಮುದ್ರಣಕ್ಕೆ ಕೊಡುವ ಬೆಲೆಯನ್ನು ಇದಕ್ಕೆ ಕೊಡಬಾರದು.

ಇನ್ನೊಂದು, ಪ್ಯಾನಲ್ ಗೆರೆಗಳು, ಅಂದರೆ ವಿಮಾನದ ತಗಡುಗಳ ಸಂದನ್ನು ತೋರಿಸಲು ಮೈ ಮೇಲೆ ಕೊರೆದ ಗೆರೆಗಳು. ಸಿಲಿಕೋನ್ ಉಂಡೆ ಆಳದ ಗೆರೆಯೊಳಗೆ ಇಳಿಯದಿದ್ದರೆ ಕೆನ್ನೆಯ ಮೇಲೆ ಅಡ್ಡಗೆರೆ ಎಳೆದಂತೆ ಸಂದು ಉಳಿಯುತ್ತದೆ. ಉಬ್ಬಿದ ಜಾಗದಲ್ಲಿ ಉಂಡೆ ಹಿಗ್ಗುವುದರಿಂದ ಮುಖ ಅಗಲವಾಗುತ್ತದೆ. ಒಳ್ಳೆಯ ತಯಾರಕರು ಮುಖವನ್ನು ಚಪ್ಪಟೆ ಜಾಗದಲ್ಲೇ ಕೂರಿಸುವುದು ಇದಕ್ಕೇ: ರೆಕ್ಕೆಯ ಮೇಲ್ಭಾಗ, ಬಾಲದ ಹೊರಮೈ, ಎಫ್-15 ಆದರೆ ಗಾಳಿ ಸೇದುವ ಇಂಟೇಕ್‌ನ ಪಕ್ಕ. ಮೂತಿಯ ಮೇಲೆ ಮುಖ ಬಿಡಿಸಿದ ವಿಮಾನವನ್ನು ಫೋಟೊ ನೋಡಿ ಕೊಳ್ಳಬೇಡಿ. ಪಕ್ಕದಿಂದ ಸರಿಯಾಗಿ ಕಂಡದ್ದು ಎದುರಿನಿಂದ ಕುಂಬಳಕಾಯಿಯಂತೆ ಕಂಡೀತು.

ವಿದೇಶದಿಂದ ತರಿಸುವುದಾದರೆ

ಮಾರಾಟಗಾರರಿಗೆ ಮೊದಲೇ ಎರಡು ಸಾಲು ಬರೆಯಿರಿ: ಪ್ಲಾಸ್ಟಿಕ್ ತಟ್ಟೆ ಮತ್ತು ಪೆಟ್ಟಿಗೆಯ ನಡುವಿನ ಸಂದನ್ನು ಕಾಗದದಿಂದ ತುಂಬಬೇಕು, ಹೊರಪೆಟ್ಟಿಗೆಯಲ್ಲಿ ಆರೂ ಕಡೆ 5 ಸೆಂ.ಮೀ. ಮೆತ್ತೆ ಇರಬೇಕು. ಡೈಕಾಸ್ಟ್ ಒಡೆಯುವುದು ಹೊರಗಿನ ಏಟಿನಿಂದ ಅಲ್ಲ, ತನ್ನದೇ ತೂಕದಿಂದ. ಪೆಟ್ಟಿಗೆ ಬಿದ್ದಾಗ ಲೋಹದ ಮೈ ತಟ್ಟೆಯೊಳಗೆ ಮುನ್ನುಗ್ಗುತ್ತದೆ. ಮುರಿಯುವುದು ಮೂತಿಯ ತುದಿಯ ಸೂಜಿ, ಬಾಲದ ತುದಿ, ಚಕ್ರದ ಬಾಗಿಲು. ಮೂರೂ ಪ್ಲಾಸ್ಟಿಕ್. ತೆರೆಯುವಾಗ ಒಂದೇ ಓಟದ ವಿಡಿಯೊ ತೆಗೆದಿಡಿ. ಬಿಡಿಭಾಗದ ಚೀಲದೊಳಗಿನ ಕ್ಷಿಪಣಿಗಳನ್ನು ಚೀಲ ಒಡೆಯದೆಯೇ ಎಣಿಸಿ.

ಸುಂಕದ ವಿಷಯ. ಆಟಿಕೆಗಳ ಮೇಲಿನ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕ ಲೆಕ್ಕ ಹಾಕುವುದು ವಸ್ತುವಿನ ಬೆಲೆಗೆ ಸಾಗಣೆ ಖರ್ಚು ಸೇರಿಸಿ; ಅದರ ಮೇಲೆ ಸುಂಕ ಸೇರಿದ ಮೊತ್ತಕ್ಕೆ ಜಿಎಸ್‌ಟಿ. ಹಾಗಾಗಿ ಸಾಗಣೆ ದುಬಾರಿಯಾದಷ್ಟೂ ತೆರಿಗೆಯೂ ಏರುತ್ತದೆ. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು ಕಡ್ಡಾಯವಾಗಿದೆ. ಸಂಗ್ರಹದ ಮಾಡೆಲ್‌ಗಳ ಪೆಟ್ಟಿಗೆ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ, ಆಟಿಕೆ ಅಲ್ಲ’ ಎಂದು ಅಚ್ಚಾಗಿರುತ್ತದೆ. ಆದರೆ ಪಾರ್ಸೆಲ್‌ನ ಹೊರಚೀಟಿಯಲ್ಲಿ ಮಾರಾಟಗಾರ ಬರೀ ‘ಟಾಯ್’ ಅಂತ ಬರೆದರೆ ಒಳಗಿನ ಅಚ್ಚನ್ನು ಯಾರು ನೋಡಬೇಕು? ‘ವಯಸ್ಕರಿಗಾಗಿ ಸ್ಕೇಲ್ ಮಾಡೆಲ್’ ಎಂದು ಬರೆಯಲು ಹೇಳಿ, ನಿಜವಾದ ಬೆಲೆಯನ್ನೇ ನಮೂದಿಸಲು ಹೇಳಿ. ಬೆಲೆ ಕಡಿಮೆ ಬರೆಸುವ ಜಾಣತನಕ್ಕೆ ದಂಡದ ಜೊತೆಗೆ ವಿಮೆಯ ನಷ್ಟವೂ ಸೇರುತ್ತದೆ. ಹೊಸ ದರವನ್ನು ಆರ್ಡರ್ ಮಾಡುವ ದಿನ ಸುಂಕ ಇಲಾಖೆಯ ತಾಣದಲ್ಲಿ ನೋಡಿಕೊಳ್ಳಿ, ಹಳೆಯ ಬಿಲ್ ನೋಡಿ ಅಂದಾಜು ಹಾಕಬೇಡಿ.

ನಕಲಿಯನ್ನು ಪತ್ತೆಹಚ್ಚಲು ಪೆಟ್ಟಿಗೆಯ ಕೆಳಗಿನ ಹಕ್ಕುಸ್ವಾಮ್ಯದ ಸಾಲು ಓದಿ. ಮ್ಯಾಕ್ರಾಸ್ ಆದರೆ ಬಿಗ್ ವೆಸ್ಟ್ ಕಂಪನಿಯ ಹೆಸರಿರಬೇಕು, ಅಮೆರಿಕದ ರೋಬೊಟೆಕ್ ಹೆಸರಿನಲ್ಲಿ ಬಂದದ್ದಾದರೆ ಹಾರ್ಮನಿ ಗೋಲ್ಡ್. ಇಬ್ಬರ ನಡುವಿನ ಹಳೆಯ ಜಗಳ 2021ರಲ್ಲಿ ಒಪ್ಪಂದವಾಗಿ ಮುಗಿಯಿತು. ಒಂದೇ ವಿಮಾನ ಎರಡು ಹೆಸರಿನಲ್ಲಿ ಕಂಡರೆ ಗಾಬರಿಯಾಗಬೇಡಿ: ಮ್ಯಾಕ್ರಾಸ್‌ನ ಪೈಲಟ್ ಹಿಕಾರು ಇಚಿಜೊ, ರೋಬೊಟೆಕ್‌ನ ರಿಕ್ ಹಂಟರ್ ಇಬ್ಬರೂ ಒಬ್ಬನೇ. ಯಾರ ಹೆಸರೂ ಇಲ್ಲದಿದ್ದರೆ ಮಾತ್ರ ದೂರವಿರಿ.

ನೀವೇ ಮಾಡುವುದಾದರೆ ಯಾವ ವಿಮಾನ

ನಿಜವಾದ ರೆಕ್ಕೆಯ ವಿಸ್ತೀರ್ಣವನ್ನು 72ರ ವರ್ಗ, ಅಂದರೆ 5,184ರಿಂದ ಭಾಗಿಸಿ. ಚಿತ್ರಕ್ಕೆ ಸಿಗುವ ಜಾಗ ಗೊತ್ತಾಗುತ್ತದೆ. ಎಫ್-22ರ ರೆಕ್ಕೆ 78 ಚದರ ಮೀಟರ್, 1/72ರಲ್ಲಿ ಸುಮಾರು 150 ಚದರ ಸೆಂ.ಮೀ. ಸುಖೋಯ್-27ರದು 62, ಅಂದರೆ 120. ಎಫ್-15ರದು 56.5, ಅಂದರೆ 109. ಗ್ರಿಪೆನ್ 30, ಅಂದರೆ 58. ಎಫ್-16 ಇನ್ನೂ ಕಡಿಮೆ, 54. ಈ ಲೆಕ್ಕದಲ್ಲಿ ಮೈಯ ಕೆಳಗೆ ಹೋಗುವ ಭಾಗವೂ ಸೇರಿರುವುದರಿಂದ ಕೈಗೆ ಸಿಗುವುದು ಇದಕ್ಕಿಂತ ಕಡಿಮೆ. ಮುಖ ಬೇಕೆನ್ನುವವರಿಗೆ ಎಫ್-15 ಮೊದಲ ಆಯ್ಕೆ: ಬೆನ್ನು ಅಗಲ, ರೆಕ್ಕೆ ಚಪ್ಪಟೆ, ಇಂಟೇಕ್‌ನ ಪಕ್ಕ ಗೋಡೆಯಂತೆ ನೇರ, ಮೇಲಾಗಿ ಎರಡು ಬಾಲ. ಸುಖೋಯ್ ದೊಡ್ಡದಾದರೂ ಬೆನ್ನಿನ ಗೂನು ಚಿತ್ರವನ್ನು ನುಂಗುತ್ತದೆ.

ಎಫ್-14 ಎಲ್ಲರ ಮೋಹ. ಅದರ ರೆಕ್ಕೆ 20 ಡಿಗ್ರಿಯಿಂದ 68 ಡಿಗ್ರಿಯವರೆಗೆ ಮಡಚುತ್ತದೆ, ಮಾಡೆಲ್‌ನಲ್ಲೂ ಹಲವು ಸಲ ಹಾಗೇ ಇರುತ್ತದೆ. ಮೈಯೊಳಗೆ ಸರಿಯುವ ಆ ಭಾಗಕ್ಕೆ ಡೆಕಾಲ್ ಹಾಕಿದರೆ ಎರಡನೇ ಸಲ ಮಡಚುವಾಗಲೇ ಕೆತ್ತಿಹೋಗುತ್ತದೆ. ಚಿತ್ರವನ್ನು ರೆಕ್ಕೆಯ ಹೊರ ಅರ್ಧದಲ್ಲೇ ಮುಗಿಸಿ, ಇಲ್ಲವೇ ರೆಕ್ಕೆಯನ್ನು ಒಂದೇ ಕೋನದಲ್ಲಿ ಬಿಟ್ಟುಬಿಡಿ.

ಮೂಲ ಮಾಡೆಲ್ ಆಗಿ ಗುರುತುಗಳು ಕಡಿಮೆ ಇರುವ, ತಿಳಿ ಬೂದು ಬಣ್ಣದ್ದನ್ನೇ ಆರಿಸಿ. ಸ್ಕ್ವಾಡ್ರನ್ ವಾರ್ಷಿಕೋತ್ಸವದ ವಿಶೇಷ ಬಣ್ಣದ ಮಾಡೆಲ್‌ಗೆ ಹೆಚ್ಚು ದುಡ್ಡು ಕೊಟ್ಟು, ಆಮೇಲೆ ಅದನ್ನೇ ಉಜ್ಜುತ್ತ ಕೂರುವುದು ಹುಚ್ಚು.

ಚಿತ್ರವನ್ನು ಅಳತೆಗೆ ಇಳಿಸುವುದು

ರೆಕ್ಕೆ ಮೇಲೆ ಅಗಲ ಮಾಸ್ಕಿಂಗ್ ಟೇಪ್ ಅಂಟಿಸಿ, ಪೆನ್ಸಿಲಿನಲ್ಲಿ ಅಂಚು, ಪ್ಯಾನಲ್ ಗೆರೆ, ಚಲಿಸುವ ಫ್ಲ್ಯಾಪ್‌ಗಳನ್ನು ಗುರುತಿಸಿ. ಟೇಪನ್ನು ನಿಧಾನ ಎತ್ತಿ ಬಿಳಿ ಹಾಳೆ ಮೇಲೆ ಅಂಟಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಎಡ, ಬಲ ರೆಕ್ಕೆಗೆ ಬೇರೆ ಬೇರೆ ಟೇಪ್ ತೆಗೆಯಿರಿ. ಅಚ್ಚಿನಲ್ಲಿ ಎರಡೂ ಒಂದೇ ಎನ್ನುವುದು ನಂಬಿಕೆ ಮಾತ್ರ.

ಚಿತ್ರದ ಅತಿ ತೆಳು ಗೆರೆ ಮುದ್ರಣದಲ್ಲಿ 0.15 ಮಿ.ಮೀ.ಗಿಂತ ಕಡಿಮೆ ಇರಬಾರದು. 72 ಪಟ್ಟು ಹಿಗ್ಗಿಸಿದರೆ ಅದು ನಿಜ ವಿಮಾನದ ಮೇಲೆ 11 ಮಿ.ಮೀ. ದಪ್ಪದ ಗೆರೆ, ಅಂದರೆ ನಿಜಕ್ಕೆ ದೂರವೇನಲ್ಲ. ಪರದೆಯ ಮೇಲೆ ಚೆಂದ ಕಂಡ ಕೂದಲೆಳೆಗಳನ್ನು ಹಾಗೇ ಕುಗ್ಗಿಸಿದರೆ ಕೂದಲು ಕರಗಿ ಮಸಿಯಾಗುತ್ತದೆ. ಕುಗ್ಗಿಸುವ ಬದಲು ಮೂರು ಎಳೆಯನ್ನು ಒಂದು ಮಾಡಿ ಮತ್ತೆ ಬಿಡಿಸಿ. ಮುಖದ ಎತ್ತರ 25 ಮಿ.ಮೀ. ಇದ್ದರೆ ಕಣ್ಣಿನೊಳಗೆ ಬಿಳಿ ಚುಕ್ಕೆ ಉಳಿಯುತ್ತದೆ, 15 ಮಿ.ಮೀ.ಗೆ ಇಳಿದರೆ ಚುಕ್ಕೆಯನ್ನು ಬೇಕೆಂದೇ ದೊಡ್ಡದು ಮಾಡಬೇಕು.

ತಲೆ ಯಾವ ಕಡೆ? ಗೂಡಿನಲ್ಲಿ ವಿಮಾನವನ್ನು ಮೂತಿ ಮೇಲೆತ್ತಿ ನಿಲ್ಲಿಸುವುದಾದರೆ ಪಾತ್ರದ ತಲೆ ಮೂತಿಯ ಕಡೆಗಿರಲಿ. ಬಾಲದ ಎರಡೂ ಹೊರಮೈಗಳಲ್ಲಿ ಪಾತ್ರ ಮುಂದಕ್ಕೇ ನೋಡಬೇಕು, ಆದ್ದರಿಂದ ಒಂದನ್ನು ಕನ್ನಡಿ ಹಿಡಿದಂತೆ ತಿರುಗಿಸಬೇಕಾಗುತ್ತದೆ. ತಿರುಗಿಸುವಾಗ ಅಕ್ಷರಗಳೂ ತಿರುಗುಮುರುಗಾಗುವುದನ್ನು ಎಲ್ಲರೂ ಗಮನಿಸುತ್ತಾರೆ. ಎಡಗಡೆ ಮುಡಿದ ರಿಬ್ಬನ್ ಬಲಕ್ಕೆ ಹೋದದ್ದನ್ನು ಮುಗಿಸಿದ ಮೇಲೆ ಯಾರಾದರೂ ಅಭಿಮಾನಿ ಬಂದು ತೋರಿಸುತ್ತಾರೆ. ಅದನ್ನು ಮೊದಲೇ ತಿದ್ದಿ.

ಮುದ್ರಣ

ಡೆಕಾಲ್ ಮುದ್ರಿಸುವ ಪಾರದರ್ಶಕ ವಾಟರ್‌ಸ್ಲೈಡ್ ಹಾಳೆ ಎರಡು ಜಾತಿ, ಲೇಸರ್ ಪ್ರಿಂಟರ್‌ಗೆ ಒಂದು, ಇಂಕ್‌ಜೆಟ್‌ಗೆ ಇನ್ನೊಂದು. ಅದಲು ಬದಲಾದರೆ ಲೇಸರ್ ಯಂತ್ರದ ಬಿಸಿ ರೋಲರ್‌ಗೆ ಹಾಳೆ ಕರಗಿ ಅಂಟುತ್ತದೆ. ಸುಲ್ತಾನ್‌ಪೇಟೆಯ ಮುದ್ರಣದಂಗಡಿಯವರು ಈ ಹಾಳೆ ನೋಡಿ ಹಿಂಜರಿಯುವುದು ಇದಕ್ಕೇ, ಅವರ ಭಯ ನ್ಯಾಯವೇ. ಹಾಳೆಯ ಮೂಲ ಪೊಟ್ಟಣವನ್ನು ತೋರಿಸಿ, ‘ದಪ್ಪ ಕಾಗದ’ ಸೆಟ್ಟಿಂಗ್‌ನಲ್ಲಿ ಹಾಕಿಸಿ. ಫೈಲ್‌ನ ಮೂಲೆಯಲ್ಲಿ ಸರಿಯಾಗಿ 50 ಮಿ.ಮೀ. ಉದ್ದದ ಗೆರೆಯೊಂದನ್ನು ಇಟ್ಟಿರಿ. ಮೊದಲು ಸಾದಾ ಕಾಗದದ ಮೇಲೆ ತೆಗೆಸಿ ಸ್ಕೇಲ್ ಹಿಡಿದು ಅಳೆಯಿರಿ. ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಆನ್ ಆಗಿದ್ದರೆ ಗೆರೆ ಕುಗ್ಗಿರುತ್ತದೆ, ರೆಕ್ಕೆ ಮೇಲೆ ಸುತ್ತ ಬೂದು ಅಂಚು ಉಳಿಯುತ್ತದೆ. ಆ ಕಾಗದವನ್ನು ಕತ್ತರಿಸಿ ರೆಕ್ಕೆ ಮೇಲಿಟ್ಟು ನೋಡಿದ ಮೇಲೆಯೇ ಒಳ್ಳೆಯ ಹಾಳೆ ಮುಟ್ಟಿ. ಒಂದು ವಿಮಾನಕ್ಕೆ ಒಂದು ಎ4 ಹಾಳೆ ಸಾಕಾಗುತ್ತದೆ, ಆದರೂ ಎರಡು ತೆಗೆಸಿ. ಎರಡನೆಯದು ಬೇಕೇ ಬೇಕಾಗುತ್ತದೆ.

ಇಂಕ್‌ಜೆಟ್ ಆದರೆ ಮುದ್ರಿಸಿ ಒಂದು ಗಂಟೆ ಒಣಗಿಸಿ, ಅರ್ಧ ಗಂಟೆ ಅಂತರದಲ್ಲಿ ಮೂರು ತೆಳು ಕೋಟ್ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆದು, ಒಂದು ದಿನ ಬಿಡಬೇಕು. ಬಿಡದಿದ್ದರೆ ನೀರಿಗಿಟ್ಟ ಕೂಡಲೇ ಹೋಳಿ ಹಬ್ಬ. ಲೇಸರ್ ಟೋನರ್ ನೀರಿಗೆ ಕರಗದು, ಆದರೆ ಪೆಡಸು; ತೀಕ್ಷ್ಣ ಅಂಚಿನ ಮೇಲೆ ಬಾಗಿಸಿದರೆ ಬಿರುಕು ಬಿಡುತ್ತದೆ.

ಈಗ ದೊಡ್ಡ ತೊಡಕು: ಮಾಮೂಲಿ ಪ್ರಿಂಟರ್‌ಗಳಿಗೆ ಬಿಳಿ ಶಾಯಿ ಇಲ್ಲ. ಕಣ್ಣಿನ ಬಿಳಿ, ಹಲ್ಲು, ಅಂಗಿ ಎಲ್ಲವೂ ಪಾರದರ್ಶಕವಾಗಿ ಬಂದು ಅಡಿಯ ಬೂದು ಕಾಣುತ್ತದೆ. ಹಿಂದೆ ಬಿಳಿ ಒತ್ತಬಲ್ಲ ಆಲ್ಪ್ಸ್ ಪ್ರಿಂಟರ್‌ಗಳಿದ್ದವು, ಅವು ನಿಂತುಹೋದವು. ಊರಿನಲ್ಲಿ ಈಗ ಎಲ್ಲೆಡೆ ಮಾಡುವ ಯುವಿ ಡಿಟಿಎಫ್ (ಫಿಲ್ಮ್ ಮೇಲೆ ಮುದ್ರಿಸಿ ಅಂಟಿಸುವ) ಸ್ಟಿಕ್ಕರ್‌ನಲ್ಲಿ ಬಿಳಿ ಇದೆ, ಬಣ್ಣವೂ ಸೊಗಸು. ಆದರೆ ಅದರ ಪದರ ದಪ್ಪ, ಪ್ಯಾನಲ್ ಗೆರೆಯೊಳಗೆ ಇಳಿಯುವುದಿಲ್ಲ. ವಿಮಾನಕ್ಕೆ ಫ್ರಿಜ್ ಮ್ಯಾಗ್ನೆಟ್ ಅಂಟಿಸಿದಂತೆ ಕಾಣುತ್ತದೆ. 1/72ಕ್ಕೆ ಬೇಡ.

ಉಳಿದಿರುವುದು ಎರಡು ಪದರದ ದಾರಿ. ಅಚ್ಚಿಲ್ಲದ ಬಿಳಿ ಡೆಕಾಲ್ ಹಾಳೆಯಿಂದ ಪಾತ್ರದ ನೆರಳಿನಾಕಾರವನ್ನು, ಎಲ್ಲ ಅಂಚಿನಲ್ಲೂ 0.3 ಮಿ.ಮೀ. ಒಳಕ್ಕೆ ಸರಿಸಿ ಕತ್ತರಿಸಿ. ಅದನ್ನು ಮೊದಲು ಅಂಟಿಸಿ ಒಂದು ದಿನ ಒಣಗಿಸಿ, ತೆಳುವಾಗಿ ಕ್ಲಿಯರ್ ಹೊಡೆದು, ಅದರ ಮೇಲೆ ಬಣ್ಣದ ಪಾರದರ್ಶಕ ಡೆಕಾಲ್ ಕೂರಿಸಿ. ಒಳಕ್ಕೆ ಸರಿಸದೆ ಅಳತೆಗೆ ಸರಿಯಾಗಿ ಕತ್ತರಿಸಿದರೆ ಕೂದಲೆಳೆಯಷ್ಟು ತಪ್ಪಿದರೂ ಪಾತ್ರದ ಸುತ್ತ ಬಿಳಿ ಪ್ರಭಾವಳಿ ಮೂಡುತ್ತದೆ. ದೇವರ ಪಟಕ್ಕೆ ಸರಿ, ಇದಕ್ಕಲ್ಲ.

ಅಂಟಿಸುವುದು

ಮಾಡೆಲ್ ಮೈ ಮ್ಯಾಟ್ ಆಗಿದ್ದರೆ ಡೆಕಾಲ್ ಅಡಿಯಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡು ಬೆಳ್ಳಿ ಮಿಂಚು ಹೊಡೆಯುತ್ತದೆ. ಆದ್ದರಿಂದ ಮೊದಲು ಹೊಳಪಿನ ಕ್ಲಿಯರ್. ಲ್ಯಾಕರ್ ಕ್ಲಿಯರ್ ಡಬ್ಬಿಯನ್ನು 20–25 ಸೆಂ.ಮೀ. ದೂರದಿಂದ ಮೊದಲೆರಡು ಸಲ ಮಂಜಿನಂತೆ ಮಾತ್ರ ಸಿಂಪಡಿಸಿ. ಮೊದಲ ಕೋಟೇ ಒದ್ದೆಯಾದರೆ ಕಾರ್ಖಾನೆಯ ಟ್ಯಾಂಪೋ ಕರಗಿ ಹರಿಯುತ್ತದೆ. ವಿಮಾನದ ಹೊಟ್ಟೆಯ ಮೇಲೆ ಬೆರಳಗಲ ಜಾಗದಲ್ಲಿ ಪರೀಕ್ಷೆ ಮಾಡದೆ ಮುಂದುವರಿಯಬೇಡಿ. ಕ್ಯಾನಪಿಗೆ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ) ಮಾಸ್ಕ್ ಕಟ್ಟುವುದು ಮರೆಯಬೇಡಿ.

ಆಮೇಲೆ ನೀರು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಕಪ್ಪು, ಕಡುನೀಲಿ ಮೈ ಮೇಲೆ ಒಣಗಿದಾಗ ಬಿಳಿ ಉಂಗುರ ಬಿಡುತ್ತದೆ, ಕ್ಲಿಯರ್ ಹೊಡೆದ ಮೇಲೆ ಅದು ಶಾಶ್ವತ. ಮೆಕ್ಯಾನಿಕ್ ಅಂಗಡಿಯಲ್ಲಿ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದರೆ ಹಲವು ವಿಮಾನಗಳಿಗೆ ಸಾಕು. ಸ್ವಲ್ಪ ಬೆಚ್ಚಗೆ ಮಾಡಿ, ಡೆಕಾಲನ್ನು 20 ಸೆಕೆಂಡ್ ಅದ್ದಿ, ಹೊರಗೆ ತೆಗೆದು ಒಂದು ನಿಮಿಷ ಟಿಶ್ಯೂ ಮೇಲೆ ಬಿಡಿ. ನೀರಿನಲ್ಲೇ ಬಿಟ್ಟರೆ ಅಂಟು ತೊಳೆದುಹೋಗುತ್ತದೆ.

ರೆಕ್ಕೆಗೆ ಮೈಕ್ರೋ ಸೆಟ್ ಎಂಬ ಡೆಕಾಲ್ ಕೂರಿಸುವ ದ್ರವ ಸವರಿ, ಕಾಗದವನ್ನು ಜಾರಿಸಿ, ಒದ್ದೆ ಕುಂಚದಿಂದ ಡೆಕಾಲನ್ನು ಜಾಗಕ್ಕೆ ತನ್ನಿ. ನಡುವಿನಿಂದ ಹೊರಕ್ಕೆ ಹತ್ತಿಕಡ್ಡಿ ಉರುಳಿಸಿ ನೀರು ತೆಗೆಯಿರಿ, ಉಜ್ಜಬೇಡಿ, ಉರುಳಿಸಿ. ಹತ್ತು ನಿಮಿಷದ ಮೇಲೆ ಡೆಕಾಲ್ ಮೆದುಗೊಳಿಸುವ ಮೈಕ್ರೋ ಸಾಲ್ ಸವರಿ. ಈಗ ಡೆಕಾಲ್ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಎದೆ ಒಡೆಯುವ ಹಾಗೆ. ಆಗಲೇ ಎಲ್ಲರೂ ಬೆರಳು ಹಾಕಿ ಹರಿಯುವುದು. ಕೈ ಕಟ್ಟಿ ಕೂರಿ; ಒಣಗುವಾಗ ಸುಕ್ಕು ತಾನಾಗಿ ಬಿಚ್ಚಿಕೊಂಡು ಪ್ಯಾನಲ್ ಗೆರೆಗೆ ಇಳಿಯುತ್ತದೆ. ಮಾರನೆಯ ದಿನ ಗುಳ್ಳೆ ಉಳಿದಿದ್ದರೆ ಸೂಜಿಯಿಂದ ಚುಚ್ಚಿ ಮತ್ತೊಮ್ಮೆ ಸಾಲ್ ಹಾಕಿ. ಫ್ಲ್ಯಾಪ್‌ನ ಸಂದಿಯಲ್ಲಿ ಮಾತ್ರ ಹೊಸ ಬ್ಲೇಡಿನಿಂದ ಸೀಳಿಬಿಡಿ, ಇಲ್ಲದಿದ್ದರೆ ಟೋನರ್ ಅಲ್ಲೇ ಸಿಡಿಯುತ್ತದೆ. 48 ಗಂಟೆ ಒಣಗಿದ ಮೇಲೆ ಉಳಿದ ಅಂಟನ್ನು ಒದ್ದೆ ಟಿಶ್ಯೂನಿಂದ ಒರೆಸಿ, ಕೊನೆಯ ಕ್ಲಿಯರ್.

ಕೊನೆಯ ಕೋಟ್ ಯುವಿ ತಡೆಯುವಂಥದ್ದೇ ಆಗಿರಲಿ. ಅನಿಮೆ ಬಣ್ಣಗಳ ಜೀವ ಗುಲಾಬಿ, ಮೆಜೆಂಟಾ; ಬಿಸಿಲಿಗೆ ಮೊದಲು ಸಾಯುವುದೂ ಅವೇ. ತೇವಾಂಶ ಶೇ. 65ಕ್ಕಿಂತ ಹೆಚ್ಚಿದ್ದಾಗ ಸ್ಪ್ರೇ ಹೊಡೆಯಬೇಡಿ: ಆವಿಯಾಗುವ ತಿನ್ನರ್ ಮೇಲ್ಮೈಯನ್ನು ತಣಿಸಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಕ್ಲಿಯರ್ ಹಾಲುಬಿಳಿ ತಿರುಗುತ್ತದೆ. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಜುಲೈನ ಬೆಳಗ್ಗೆ ಖಂಡಿತ ಬೇಡ. ಈಗಾಗಲೇ ಬೆಳ್ಳಗಾಗಿದ್ದರೆ ಒಣ ದಿನ ನೋಡಿ ಅದೇ ಕ್ಲಿಯರನ್ನು ಇನ್ನೊಮ್ಮೆ ತೆಳುವಾಗಿ ಹೊಡೆದರೆ ಹಲವು ಸಲ ಬಿಡುತ್ತದೆ. ಜೆ.ಸಿ. ರೋಡಿನಲ್ಲಿ ಕಾರಿಗೆ ಮಾರುವ 2ಕೆ ಕ್ಲಿಯರ್ ಗಾಜಿನಂತೆ ಕೂರುತ್ತದೆ ನಿಜ, ಆದರೆ ಅದರ ಗಟ್ಟಿಕಾರಕದಲ್ಲಿ ಉಸಿರಿಗೆ ಅಪಾಯವಾದ ಐಸೊಸಯನೇಟ್ ಇದೆ. ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಹೊಡೆಯುವ ವಸ್ತು ಅದಲ್ಲ.

ಹಳೆಯ ಬಣ್ಣ ಪೂರ್ತಿ ತೆಗೆಯಬೇಕೆಂದರೆ ಮೊದಲು ಮಾಡೆಲ್ ಬಿಚ್ಚಿ ಪ್ಲಾಸ್ಟಿಕ್ ಭಾಗಗಳನ್ನು ಬೇರೆ ಮಾಡಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಲೋಹಕ್ಕೆ ಏನೂ ಮಾಡದು, ಕ್ಯಾನಪಿಗೆ ತಾಗಿದರೆ ಕ್ಷಣದಲ್ಲಿ ಮಂಜು. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕುವ ಸಲಹೆ ಎಲ್ಲಾದರೂ ಕಂಡರೆ ಓಡಿ. ಡೈಕಾಸ್ಟ್ ಲೋಹ ಸತು ಮತ್ತು ಅಲ್ಯೂಮಿನಿಯಂ ಮಿಶ್ರಣ, ಕಾಸ್ಟಿಕ್ ಎರಡನ್ನೂ ತಿನ್ನುತ್ತದೆ. ಬೋಳು ಸತುವಿನ ಮೇಲೆ ನೇರವಾಗಿ ಎಣ್ಣೆ ಎನಾಮೆಲ್ ಬಳಿದರೆ ಕೆಲವೇ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಲೋಹಕ್ಕೆ ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಬೇಕೇ ಬೇಕು.

ಮಳೆಗಾಲ

ಗೂಡಿನೊಳಗೆ ಒಂದು ತೇವಮಾಪಕ ಇಡಿ, ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಗುರಿ ಶೇ. 40–50. ಮುಚ್ಚಳ ಬಿಗಿಯಾಗಿ ಕೂರುವ 20 ಲೀಟರಿನ ಡಬ್ಬಕ್ಕೆ 100 ಗ್ರಾಂ ಸಿಲಿಕಾ ಜೆಲ್ ಹಾಕಿ. ಕಿತ್ತಳೆ ಬಣ್ಣದ್ದು ಹಸಿರಾದಾಗ 110–120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು ಮತ್ತೆ ಬಳಸಿ. ಅಡುಗೆಯ ಪಾತ್ರೆಯಲ್ಲಿ ಬೇಡ.

ತೇವವನ್ನು ಇಷ್ಟು ಅಂಜುವುದು ಝಿಂಕ್ ಪೆಸ್ಟ್ ಎಂಬ ರೋಗಕ್ಕೆ. ಎರಕದ ಸತುವಿನಲ್ಲಿ ಸೀಸದಂಥ ಕಲಬೆರಕೆ ಇದ್ದರೆ ಲೋಹದ ಕಣಗಳ ನಡುವೆ ತುಕ್ಕು ಹಬ್ಬಿ, ಮೈ ಉಬ್ಬಿ ಬಿರುಕು ಬಿಡುತ್ತದೆ. ತೇವ ಅದನ್ನು ಬೇಗ ಮಾಡುತ್ತದೆ. ಮೊದಲ ಲಕ್ಷಣ ರೆಕ್ಕೆಯ ಬುಡದಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳುವುದು. ಔಷಧ ಇಲ್ಲ. ಹಳೆಯ ಮಾಡೆಲ್ ಕೊಳ್ಳುವಾಗ ಬಾಗಿಲುಗಳು ಬಿಗಿಯಾಗಿ ಸಿಕ್ಕಿಕೊಂಡಿದ್ದರೆ, ರೆಕ್ಕೆ ಒಂದು ಕಡೆ ಬಾಗಿದ್ದರೆ ಬಿಟ್ಟುಬಿಡಿ.

ಪೆಟ್ಟಿಗೆಯೊಳಗಿನ ಸ್ಪಂಜು ತೆಗೆದುಹಾಕಿ. ತೇವಕ್ಕೆ ಅದು ಕೊಳೆತು ಅಂಟಾಗಿ ಬಣ್ಣದ ಮೇಲೆ ಅಚ್ಚೊತ್ತುತ್ತದೆ. ಸಾದಾ ಪಾಲಿಥಿನ್ ಹಾಳೆ ಸುತ್ತಿದರೆ ಸಾಕು. ಬಟ್ಟೆಯ ಬೀರುವಿನಲ್ಲಿ ಇಡುವವರು ನುಸಿಗುಳಿಗೆಯಿಂದ ದೂರವಿಡಿ. ನ್ಯಾಫ್ತಲೀನ್ ಆವಿ ಕ್ಯಾನಪಿ, ಕ್ಷಿಪಣಿಗಳಂಥ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಧೂಳನ್ನು ಬಟ್ಟೆಯಿಂದ ಒರೆಸಬೇಡಿ. ಕಟ್ಟಡ, ರಸ್ತೆ ಅಗೆತದ ನಮ್ಮ ಧೂಳು ಮರಳುಕಾಗದಕ್ಕೆ ಸಮ, ಮುದ್ರಣದ ಮೇಲೆ ಗೀರು ಬೀಳುತ್ತದೆ. ಕ್ಯಾಮೆರಾ ಲೆನ್ಸಿನ ಗಾಳಿಬುಗ್ಗೆಯಿಂದ ಊದಿ, ಮೇಕಪ್ಪಿನ ಮೆತ್ತನೆ ಕುಂಚ ಆಡಿಸಿ. ಪಶ್ಚಿಮದ ಕಿಟಕಿಯ ಎದುರು ಗೂಡು ಬೇಡ.

ತೇಜಸ್ ಮೇಲೆ ಇಂಥದ್ದೊಂದು ಯಾಕಿಲ್ಲ ಎಂದು ಕೇಳುವವರಿಗೆ ಅಳತೆ ಇಲ್ಲಿದೆ. ರೆಕ್ಕೆ 38.4 ಚದರ ಮೀಟರ್, 1/72ರಲ್ಲಿ 74 ಚದರ ಸೆಂ.ಮೀ.; ಉದ್ದ 18.3, ಅಗಲ 11.4 ಸೆಂ.ಮೀ. ತ್ರಿಕೋನ ರೆಕ್ಕೆಯಲ್ಲಿ ಅಗಲವಾದ ಜಾಗ ಬುಡದಲ್ಲಿ, ಹಿಂಭಾಗದಲ್ಲಿದೆ. ಹಾಗಾಗಿ ತಲೆಯನ್ನು ಮೂತಿಯ ಕಡೆ ತಿರುಗಿಸಿದರೆ ಮುಖಕ್ಕೆ ಜಾಗ ಸಾಲದು, ಉದ್ದ ಕೂದಲಿನ ಪಾತ್ರವನ್ನು ಆರಿಸಿ ಕೂದಲನ್ನು ಮುಂದಕ್ಕೆ, ಇಕ್ಕಟ್ಟಿನ ಕಡೆಗೆ, ಹಾರಬಿಡಿ. ಹಿಂದಂಚಿನಲ್ಲಿ ಚಲಿಸುವ ಪಟ್ಟಿಗಳಾದ ಎಲೆವಾನ್‌ಗಳ ಸಂದಿಯ ಮೇಲೆ ಕಣ್ಣು ಬೀಳದಂತೆ ಮುಖವನ್ನು 5 ಮಿ.ಮೀ. ಮುಂದಕ್ಕೆ ತನ್ನಿ. ಬಾಲ ಒಂದೇ, ಅದರಲ್ಲಿ ತ್ರಿವರ್ಣದ ಪಟ್ಟಿಯನ್ನು ಮುಟ್ಟದೆ ಬಿಡಿ. ರೆಕ್ಕೆಯ ವಾಯುಪಡೆ ವೃತ್ತವನ್ನು ಕೆನ್ನೆ ಮೇಲೆ ಹಾಕುವ ಬದಲು ತುದಿಯ ಕಡೆಗೆ ಸರಿಸಿ.